ಪೈಥಾನ್ ಪ್ರೋಗ್ರಾಮಿಂಗ್ (ಆರಂಭಿಕ ಹಂತ)

ಪೈಥಾನ್ ಪ್ರೋಗ್ರಾಮಿಂಗ್ ಪರಿಸರ ಎಂದರೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ (ಕ್ರಮವಿಧಿ) ಬರೆಯಲು, ಅದನ್ನು ಚಲಾಯಿಸಲು ಮತ್ತು ಅದರಲ್ಲಿನ ದೋಷಗಳನ್ನು ತಿದ್ದಲು ಗಣಕದಲ್ಲಿ ಬೇಕಾಗುವ ತಂತ್ರಾಂಶಗಳ ಒಟ್ಟು ವ್ಯವಸ್ಥೆ. ಆದೇಶಗಳನ್ನು ಓದಿ ನೆರವೇರಿಸುವ ಅರ್ಥೈಸುಕ (ಇಂಟರ್‌ಪ್ರಿಟರ್), ಆದೇಶಗಳನ್ನು ಬರೆಯುವ ಸಂಪಾದಕ (ಎಡಿಟರ್), ಕನ್ನಡ ಅಕ್ಷರಗಳನ್ನು ಮೂಡಿಸುವ ಕೀಲಿಮಣೆ ವಿನ್ಯಾಸ ಮತ್ತು ಅವನ್ನು ತೋರಿಸುವ ಫಾಂಟ್ ಇದರ ಮುಖ್ಯ ಅಂಗಗಳು. ಈ ಲೇಖನವು ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯೊಬ್ಬರು ಮೊದಲ ಬಾರಿಗೆ ಇಂಥ ಪರಿಸರವನ್ನು ಸಿದ್ಧಪಡಿಸಿಕೊಂಡು ಸರಳ ಪ್ರೋಗ್ರಾಮ್‌ಗಳನ್ನು ಬರೆಯುವ ಹಂತವನ್ನು ವಿವರಿಸುತ್ತದೆ. ಉದಾಹರಣೆಗಳನ್ನು ಹಾಸನ ಜಿಲ್ಲೆಯ ಹಗರೆ, ಬೇಲೂರು, ಹಳೇಬೀಡು ಮತ್ತು ಅರಸೀಕೆರೆ ಸುತ್ತಲಿನ ಜನಜೀವನದಿಂದ ಆರಿಸಿಕೊಳ್ಳಲಾಗಿದೆ.

ಈ ಲೇಖನದಲ್ಲಿ ಪೈಥಾನ್‌ನ ಆದೇಶಪದಗಳನ್ನು ಅವುಗಳ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಗಣಕದಲ್ಲಿ ಇವನ್ನು ಆಂಗ್ಲ ಸಣ್ಣಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಉದ್ಧರಣ ಚಿಹ್ನೆಗಳೊಳಗಿನ ಪಠ್ಯವನ್ನೂ ಪ್ರೋಗ್ರಾಮ್ ಬರೆಯುವವರು ತಾವೇ ಇಡುವ ಹೆಸರುಗಳನ್ನೂ ಕನ್ನಡದಲ್ಲಿ ಬರೆಯಬಹುದು.

## ಹಿನ್ನೆಲೆ

ಪೈಥಾನ್ ಭಾಷೆಯನ್ನು ನೆದರ್‌ಲೆಂಡ್ಸ್‌ನ ಗೈಡೊ ವಾನ್ ರೋಸಮ್ ರೂಪಿಸಿದರು. ಅದರ ಮೊದಲ ಆವೃತ್ತಿ 1991ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಹೆಸರು ಹೆಬ್ಬಾವಿನಿಂದ ಬಂದುದಲ್ಲ; ಬ್ರಿಟನ್ನಿನ ಹಾಸ್ಯ ತಂಡ 'ಮಾಂಟಿ ಪೈಥಾನ್'ನಿಂದ ಬಂದುದು. 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 3 ಕನ್ನಡಿಗರ ದೃಷ್ಟಿಯಿಂದ ಮಹತ್ವದ್ದು. ಅದು ಪಠ್ಯವನ್ನೆಲ್ಲ ಯುನಿಕೋಡ್ ಎಂದೇ ಪರಿಗಣಿಸುತ್ತದೆ ಮತ್ತು ಚರಗಳ (ವೇರಿಯಬಲ್) ಹೆಸರುಗಳನ್ನು ಕನ್ನಡವೂ ಸೇರಿದಂತೆ ಹಲವು ಲಿಪಿಗಳಲ್ಲಿ ಇಡಲು ಅವಕಾಶ ನೀಡುತ್ತದೆ. ಹಿಂದಿನ ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡಿತು. ಆದುದರಿಂದ ಹೊಸದಾಗಿ ಕಲಿಯುವವರು ಪೈಥಾನ್ 3ನ್ನೇ ಆರಿಸಿಕೊಳ್ಳಬೇಕು.

ಕನ್ನಡ ಲಿಪಿಯು 1991ರಲ್ಲಿ ಪ್ರಕಟವಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಸೇರಿತ್ತು. ಅದಕ್ಕೆ 128 ಸ್ಥಾನಗಳ ಒಂದು ಖಂಡವನ್ನು ಮೀಸಲಿಡಲಾಗಿದೆ. ಆದರೆ ಯುನಿಕೋಡ್ ಬಳಕೆ ವ್ಯಾಪಕವಾಗುವವರೆಗೆ ಕನ್ನಡ ತಂತ್ರಾಂಶಗಳು ತಮ್ಮದೇ ಆದ ಫಾಂಟ್ ಸಂಕೇತಗಳನ್ನು ಅವಲಂಬಿಸಿದ್ದವು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' (1998) ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಆ ಕಾಲದಲ್ಲಿ ಮನೆಮಾತಾದ ತಂತ್ರಾಂಶಗಳು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ನುಡಿ ತಂತ್ರಾಂಶವು ಅಳವಡಿಸಿಕೊಂಡಿತು. ಇಂದಿಗೂ ಕನ್ನಡ ಟೈಪಿಸುವವರಲ್ಲಿ ಅನೇಕರಿಗೆ ಅದೇ ಅಭ್ಯಾಸವಾಗಿದೆ.

ಮಕ್ಕಳಿಗೆ ಕನ್ನಡದಲ್ಲಿಯೇ ಪ್ರೋಗ್ರಾಮಿಂಗ್ ಕಲಿಸುವ ಪ್ರಯತ್ನಗಳಲ್ಲಿ 'ಕನ್ನಡ ಲೋಗೊ' ಗಮನಾರ್ಹವಾದುದು. ಸೀಮೋರ್ ಪ್ಯಾಪರ್ಟ್, ವ್ಯಾಲಿ ಫ್ಯೂರ್‌ಜಿಗ್ ಮತ್ತು ಸಿಂಥಿಯಾ ಸೊಲೊಮನ್ 1967ರಲ್ಲಿ ಅಮೆರಿಕದಲ್ಲಿ ರೂಪಿಸಿದ ಲೋಗೊ ಭಾಷೆಯ ಕನ್ನಡ ಆವೃತ್ತಿಯನ್ನು ಯು.ಬಿ. ಪವನಜ ಸಿದ್ಧಪಡಿಸಿದರು, ಅದಕ್ಕೆ ಮಂಥನ್ ಪ್ರಶಸ್ತಿ ದೊರೆಯಿತು. ಪರದೆಯ ಮೇಲಿನ ಆಮೆಯೊಂದಕ್ಕೆ ಆದೇಶ ಕೊಟ್ಟು ಚಿತ್ರ ಬಿಡಿಸುವ ಲೋಗೊದ ಕಲ್ಪನೆ ಪೈಥಾನ್‌ನಲ್ಲಿಯೂ 'ಟರ್ಟಲ್' ಎಂಬ ಘಟಕವಾಗಿ ಉಳಿದುಬಂದಿದೆ.

## ಕನ್ನಡ ಮಾಧ್ಯಮದ ಕಲಿಕೆ

ಕರ್ನಾಟಕದ ಗ್ರಾಮೀಣ ಭಾಗದ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಕಲಿಕೆ ಕನ್ನಡದಲ್ಲಿ ನಡೆಯುತ್ತದೆ. ಪದವಿಪೂರ್ವ ಹಂತದಲ್ಲಿ ಗಣಕ ವಿಜ್ಞಾನವನ್ನು ಆರಿಸಿಕೊಂಡವರು ಹೆಚ್ಚಾಗಿ ಆಂಗ್ಲ ಪಠ್ಯವನ್ನೇ ಓದಬೇಕಾಗುತ್ತದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ 11 ಮತ್ತು 12ನೆಯ ತರಗತಿಗಳ ಗಣಕ ವಿಜ್ಞಾನ ಪಠ್ಯಪುಸ್ತಕಗಳು ಪೈಥಾನ್ ಭಾಷೆಯನ್ನು ಆಧರಿಸಿವೆ. ಹಾಸನ–ಬೇಲೂರು ರಸ್ತೆಯಲ್ಲಿ ಹಳೇಬೀಡಿನ ಕಡೆಗೆ ದಾರಿ ಕವಲೊಡೆಯುವ ಹಗರೆಯಂಥ ಊರಿನ ವಿದ್ಯಾರ್ಥಿಗೆ ಇದರಿಂದ ಎರಡು ಹೊರೆಗಳು ಒಟ್ಟಿಗೆ ಬೀಳುತ್ತವೆ: ತರ್ಕವನ್ನು ಕಲಿಯಬೇಕು, ಆ ತರ್ಕವನ್ನು ವಿವರಿಸುವ ಭಾಷೆಯನ್ನೂ ಕಲಿಯಬೇಕು. ಪ್ರೋಗ್ರಾಮ್ ತಪ್ಪಿದಾಗ ತಪ್ಪಿರುವುದು ಗಣಿತವೋ ಆಂಗ್ಲವೋ ಎಂಬುದು ವಿದ್ಯಾರ್ಥಿಗೆ ತಿಳಿಯದೆ ಹೋಗುವ ಸಂಭವ ಹೆಚ್ಚು.

ವಾಸ್ತವದಲ್ಲಿ ಪೈಥಾನ್‌ಗೆ ಬೇಕಾಗುವ ಆಂಗ್ಲ ಅತ್ಯಲ್ಪ. ಭಾಷೆಯ ಮೀಸಲು ಪದಗಳು ಮೂವತ್ತೈದು ಮಾತ್ರ. ಆರಂಭಿಕ ಹಂತದಲ್ಲಿ ಬಳಕೆಯಾಗುವುದು ಅವುಗಳಲ್ಲಿ ಹತ್ತು ಹನ್ನೆರಡು. ಈ ಪದಗಳ ಅರ್ಥವನ್ನು ಒಮ್ಮೆ ಕನ್ನಡದಲ್ಲಿ ಮನನ ಮಾಡಿಕೊಂಡರೆ ಉಳಿದ ಕೆಲಸ ತರ್ಕದ್ದೇ ಆಗಿರುತ್ತದೆ.

## ಪರಿಸರದ ಸಿದ್ಧತೆ

### ವಿಂಡೋಸ್

1. ಪೈಥಾನ್ ಸಂಸ್ಥೆಯ ಅಧಿಕೃತ ಜಾಲತಾಣದಿಂದ ಸ್ಥಾಪನಾ ಕಡತವನ್ನು ಇಳಿಸಿಕೊಳ್ಳಬೇಕು. ಅದರ ಗಾತ್ರ ಸುಮಾರು ಮೂವತ್ತು ಎಂಬಿ ಆಸುಪಾಸಿನಲ್ಲಿರುತ್ತದೆ. ತಂತ್ರಾಂಶ ಉಚಿತವಾದುದು, ಅನ್ಯ ತಾಣಗಳಿಂದ ಇಳಿಸಿಕೊಳ್ಳುವ ಅಗತ್ಯವಿಲ್ಲ.
2. ಸ್ಥಾಪನೆಯ ಮೊದಲ ಪರದೆಯ ಕೆಳಭಾಗದಲ್ಲಿ ಪೈಥಾನ್ ಅನ್ನು 'ಪಾತ್'ಗೆ ಸೇರಿಸುವ ಚೌಕವೊಂದಿರುತ್ತದೆ. ಅದನ್ನು ಗುರುತು ಮಾಡಿಯೇ ಮುಂದುವರಿಯಬೇಕು. ಇಲ್ಲವಾದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದು ಟೈಪಿಸಿದಾಗ ಗಣಕಕ್ಕೆ ಅದು ಎಲ್ಲಿದೆಯೆಂದು ತಿಳಿಯುವುದಿಲ್ಲ.
3. ಸ್ಥಾಪನೆ ಮುಗಿದ ಮೇಲೆ ಸ್ಟಾರ್ಟ್ ಪಟ್ಟಿಯಲ್ಲಿ 'ಐಡಲ್' ಎಂದು ಹುಡುಕಿ ತೆರೆಯಬೇಕು. ಐಡಲ್ ಎಂಬುದು ಪೈಥಾನ್ ಜೊತೆಯಲ್ಲಿಯೇ ಬರುವ ಸರಳ ಸಂಪಾದಕ.

ಹಳೆಯ ಗಣಕಗಳಿರುವಲ್ಲಿ ಆವೃತ್ತಿಯ ಆಯ್ಕೆ ಮುಖ್ಯ. ವಿಂಡೋಸ್ 7 ಇರುವ ಗಣಕದಲ್ಲಿ ಪೈಥಾನ್ 3.9 ಮತ್ತು ಅದರ ನಂತರದ ಆವೃತ್ತಿಗಳು ಸ್ಥಾಪನೆಯಾಗುವುದಿಲ್ಲ, ಅಲ್ಲಿ 3.8ನ್ನೇ ಬಳಸಬೇಕು. ಈ ಲೇಖನದ ಎಲ್ಲ ಉದಾಹರಣೆಗಳೂ 3.8ರಲ್ಲಿ ನಡೆಯುತ್ತವೆ. ಒಮ್ಮೆ ಸ್ಥಾಪಿಸಿದ ಬಳಿಕ ಅಂತರಜಾಲ ಸಂಪರ್ಕದ ಅವಶ್ಯಕತೆ ಇರುವುದಿಲ್ಲ. ಸ್ಥಾಪನಾ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತಂದು ಒಂದು ಪ್ರಯೋಗಾಲಯದ ಎಲ್ಲ ಗಣಕಗಳಿಗೂ ಹಾಕಬಹುದು.

### ಲಿನಕ್ಸ್

ಉಬುಂಟು ಮುಂತಾದ ಲಿನಕ್ಸ್ ಹಂಚಿಕೆಗಳಲ್ಲಿ ಪೈಥಾನ್ 3 ಮೊದಲೇ ಇರುತ್ತದೆ. ಐಡಲ್ ಸಂಪಾದಕವನ್ನು ಮಾತ್ರ ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಾಗುತ್ತದೆ.

### ಮೊಬೈಲ್ ಮತ್ತು ಜಾಲತಾಣ

ಗಣಕವಿಲ್ಲದವರು ಆಂಡ್ರಾಯ್ಡ್ ದೂರವಾಣಿಯಲ್ಲಿ 'ಪೈಡ್ರಾಯ್ಡ್ 3'ರಂಥ ಆ್ಯಪ್ ಬಳಸಬಹುದು. 'ಗೂಗಲ್ ಕೋಲ್ಯಾಬ್' ಸೇವೆಯು ಯಾವುದನ್ನೂ ಸ್ಥಾಪಿಸದೆ ಬ್ರೌಸರ್‌ನಲ್ಲಿಯೇ ಪ್ರೋಗ್ರಾಮ್ ಚಲಾಯಿಸಲು ಅನುವು ಮಾಡಿಕೊಡುತ್ತದೆ. ಆದರೆ ಅದಕ್ಕೆ ನಿರಂತರ ಅಂತರಜಾಲ ಸಂಪರ್ಕ ಬೇಕು.

### ಇತರ ಸಂಪಾದಕಗಳು

ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ 'ಥಾನಿ' ಆರಂಭಿಕರಿಗಾಗಿಯೇ ಸಿದ್ಧವಾದ ಸಂಪಾದಕ. ಪ್ರೋಗ್ರಾಮ್ ಒಂದೊಂದೇ ಹೆಜ್ಜೆ ಸಾಗುವಾಗ ಪ್ರತಿಯೊಂದು ಚರದ ಬೆಲೆ ಹೇಗೆ ಬದಲಾಗುತ್ತದೆಂಬುದನ್ನು ಅದು ತೋರಿಸುತ್ತದೆ. ಮೈಕ್ರೋಸಾಫ್ಟ್‌ನ 'ವಿಷುಯಲ್ ಸ್ಟುಡಿಯೋ ಕೋಡ್' ಹೆಚ್ಚು ಸೌಲಭ್ಯಗಳುಳ್ಳದ್ದು. ಮೊದಲ ಕೆಲವು ವಾರಗಳಿಗೆ ಅದು ಅಗತ್ಯವಲ್ಲ.

### ಕನ್ನಡ ಕೀಲಿಮಣೆ ಮತ್ತು ಫಾಂಟ್

ವಿಂಡೋಸ್‌ನ ಭಾಷಾ ಸಿದ್ಧತೆಯಲ್ಲಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ದೊರೆಯುತ್ತದೆ. ವಿಂಡೋಸ್ 10ರ 2019ರ ಪರಿಷ್ಕರಣೆಯಿಂದೀಚೆಗೆ ಉಚ್ಚಾರಣಾಧಾರಿತ ವಿನ್ಯಾಸವೂ ಇದೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಪಟ್ಟಿಯನ್ನು ಒಟ್ಟಿಗೆ ಒತ್ತಿ ಆಂಗ್ಲ, ಕನ್ನಡಗಳ ನಡುವೆ ಬದಲಾಯಿಸಿಕೊಳ್ಳಬಹುದು. ಕೆ.ಪಿ. ರಾವ್ ವಿನ್ಯಾಸಕ್ಕೆ ಒಗ್ಗಿದವರು ಲಿನಕ್ಸ್‌ನಲ್ಲಿ ಐಬಸ್ ಮೂಲಕ 'ಕೆಜಿಪಿ' ವಿನ್ಯಾಸವನ್ನು ಆರಿಸಿಕೊಳ್ಳಬಹುದು. ವಿಂಡೋಸ್‌ನಲ್ಲಿ 'ತುಂಗಾ' ಮತ್ತು 'ನಿರ್ಮಲಾ' ಯುನಿಕೋಡ್ ಫಾಂಟುಗಳು ಕನ್ನಡವನ್ನು ತೋರಿಸುತ್ತವೆ. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ಕನ್ನಡ ಅಕ್ಷರಗಳು ಚೌಕಗಳಾಗಿ ಕಾಣಬಹುದು. ಅದು ಪ್ರೋಗ್ರಾಮಿನ ದೋಷವಲ್ಲ, ಆ ಕಿಟಕಿಯ ಮಿತಿ. ಅದೇ ಪ್ರೋಗ್ರಾಮನ್ನು ಐಡಲ್‌ನಲ್ಲಿ ಚಲಾಯಿಸಿ ನೋಡಬೇಕು.

ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಪಠ್ಯ ಪೈಥಾನ್‌ಗೆ ಕನ್ನಡವಲ್ಲ. ಆ ಫಾಂಟುಗಳು ಆಂಗ್ಲ ಮತ್ತಿತರ ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಚಿತ್ರರೂಪಗಳನ್ನು ಕೂರಿಸಿದ್ದವು. ಆದ್ದರಿಂದ ಪೈಥಾನ್ ಅದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲನ್ನಷ್ಟೇ ಕಾಣುತ್ತದೆ. ಇಂಥ ಪಠ್ಯವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

## ಮೊದಲ ಪ್ರೋಗ್ರಾಮ್

ಐಡಲ್ ತೆರೆದಾಗ ಕಾಣುವ ಕಿಟಕಿಯನ್ನು 'ಶೆಲ್' ಎನ್ನುತ್ತಾರೆ. ಇದರಲ್ಲಿ ಬರೆದ ಪ್ರತಿಯೊಂದು ಸಾಲೂ ಎಂಟರ್ ಒತ್ತಿದೊಡನೆ ನೆರವೇರುತ್ತದೆ, ಆದರೆ ಪ್ರೋಗ್ರಾಮ್ ಆಗಿ ಉಳಿಯುವುದಿಲ್ಲ. ಉಳಿಸಿಕೊಳ್ಳಲು 'ಫೈಲ್' ಪಟ್ಟಿಯಲ್ಲಿ 'ನ್ಯೂ ಫೈಲ್' ಆರಿಸಿ, ಬರುವ ಖಾಲಿ ಕಿಟಕಿಯಲ್ಲಿ ಬರೆಯಬೇಕು.

    ಪ್ರಿಂಟ್("ನಮಸ್ಕಾರ, ಹಗರೆ")

ಕಡತವನ್ನು ಉಳಿಸಿ ಎಫ್5 ಕೀಲಿಯನ್ನು ಒತ್ತಿದರೆ ಶೆಲ್‌ನಲ್ಲಿ 'ನಮಸ್ಕಾರ, ಹಗರೆ' ಎಂದು ಮೂಡುತ್ತದೆ. ಪ್ರಿಂಟ್ ಎಂಬುದು ಆವರಣದೊಳಗಿರುವುದನ್ನು ಪರದೆಯ ಮೇಲೆ ತೋರಿಸುವ ಆದೇಶ; ಅದಕ್ಕೂ ಕಾಗದದ ಮುದ್ರಣಕ್ಕೂ ಸಂಬಂಧವಿಲ್ಲ. ಉದ್ಧರಣ ಚಿಹ್ನೆಗಳೊಳಗಿರುವುದನ್ನು ಪೈಥಾನ್ ಹಾಗೆಯೇ ಪಠ್ಯವೆಂದು ಸ್ವೀಕರಿಸುತ್ತದೆ.

ಪೈಥಾನ್ 3ರಲ್ಲಿ ಪ್ರಿಂಟ್ ಎಂಬುದು ಮೀಸಲು ಪದವಲ್ಲ, ಒಂದು ಕಾರ್ಯದ (ಫಂಕ್ಷನ್) ಹೆಸರು. ಆದುದರಿಂದ ಅದಕ್ಕೆ ಕನ್ನಡದ ಹೆಸರನ್ನೂ ಕೊಡಬಹುದು.

    ಮುದ್ರಿಸು = ಪ್ರಿಂಟ್
    ಮುದ್ರಿಸು("ನಮಸ್ಕಾರ, ಹಗರೆ")

ಎರಡನೆಯ ಸಾಲು ಪೂರ್ತಿ ಕನ್ನಡದಲ್ಲಿದ್ದರೂ ಯಾವ ಹೆಚ್ಚುವರಿ ತಂತ್ರಾಂಶವೂ ಇಲ್ಲದೆ ನಡೆಯುತ್ತದೆ. ಇಫ್, ಫಾರ್, ಡೆಫ್ ಮುಂತಾದ ಮೀಸಲು ಪದಗಳಿಗೆ ಮಾತ್ರ ಹೀಗೆ ಬೇರೆ ಹೆಸರು ಕೊಡಲಾಗದು.

## ಸರಳ ಪ್ರೋಗ್ರಾಮ್‌ಗಳು

### ಕೊಬ್ಬರಿಯ ಲೆಕ್ಕ

ಅರಸೀಕೆರೆ ಸೀಮೆಯು ತೆಂಗು ಬೆಳೆಗೆ ಹೆಸರಾದುದು. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಪ್ರಕಟಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ರೈತರೊಬ್ಬರ ಕೊಬ್ಬರಿಯ ತೂಕವನ್ನು ಕಿಲೋಗ್ರಾಂಗಳಲ್ಲಿ ಪಡೆದು ಆ ಬೆಲೆಯಲ್ಲಿ ದೊರೆಯಬೇಕಾದ ಮೊತ್ತವನ್ನು ತಿಳಿಸುವ ಪ್ರೋಗ್ರಾಮ್ ಹೀಗಿದೆ.

    ತೂಕ = ಫ್ಲೋಟ್(ಇನ್‌ಪುಟ್("ಕೊಬ್ಬರಿಯ ತೂಕ: "))
    ದರ = 12000
    ಮೊತ್ತ = ತೂಕ / 100 * ದರ
    ಪ್ರಿಂಟ್("ಒಟ್ಟು ರೂ.", ಮೊತ್ತ)

ತೂಕ, ದರ, ಮೊತ್ತ ಇವು ಚರಗಳು. ಚರವೆಂದರೆ ಒಂದು ಬೆಲೆಗೆ ಇಟ್ಟ ಹೆಸರು. ಗಣಿತದಲ್ಲಿ '=' ಎಂದರೆ ಎರಡೂ ಬದಿ ಸಮ ಎಂದರ್ಥ; ಇಲ್ಲಿ ಬಲಬದಿಯ ಬೆಲೆಗೆ ಎಡಬದಿಯ ಹೆಸರನ್ನು ಕೊಡು ಎಂದರ್ಥ. ಇನ್‌ಪುಟ್ ಎಂಬುದು ಬಳಕೆದಾರರು ಟೈಪಿಸಿದ್ದನ್ನು ತರುತ್ತದೆ. 250 ಎಂದು ಕೊಟ್ಟರೆ ಉತ್ತರ 30000.0 ಎಂದು ಬರುತ್ತದೆ.

ಇನ್‌ಪುಟ್ ತರುವುದು ಯಾವಾಗಲೂ ಪಠ್ಯವನ್ನು, ಸಂಖ್ಯೆಯನ್ನಲ್ಲ. ಎರಡು ಇನ್‌ಪುಟ್‌ಗಳಲ್ಲಿ 12 ಮತ್ತು 8 ಎಂದು ಪಡೆದು ನೇರವಾಗಿ ಕೂಡಿಸಿದರೆ 20ರ ಬದಲು 128 ಎಂದು ಬರುತ್ತದೆ, ಏಕೆಂದರೆ ಪಠ್ಯಗಳ ಕೂಡಿಕೆ ಎಂದರೆ ಒಂದರ ಪಕ್ಕ ಇನ್ನೊಂದನ್ನು ಜೋಡಿಸುವುದು. ಆರಂಭಿಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪೂರ್ಣಾಂಕ ಬೇಕಾದಲ್ಲಿ ಇಂಟ್, ದಶಮಾಂಶ ಸಂಖ್ಯೆ ಬೇಕಾದಲ್ಲಿ ಫ್ಲೋಟ್ ಬಳಸಿ ಪಠ್ಯವನ್ನು ಸಂಖ್ಯೆಯಾಗಿ ಪರಿವರ್ತಿಸಬೇಕು.

ಬಳಕೆದಾರರು ಕನ್ನಡ ಅಂಕಿಗಳಲ್ಲಿ ೨೫೦ ಎಂದು ಕೊಟ್ಟರೂ ಇಂಟ್ ಮತ್ತು ಫ್ಲೋಟ್ ಅದನ್ನು ಸರಿಯಾಗಿ ಗ್ರಹಿಸುತ್ತವೆ. ಆದರೆ ಪ್ರೋಗ್ರಾಮಿನ ಸಾಲಿನಲ್ಲಿಯೇ ದರವನ್ನು ೧೨೦೦೦ ಎಂದು ಬರೆದರೆ ದೋಷ ಬರುತ್ತದೆ.

### ಅಧಿಕ ವರ್ಷ

ಷರತ್ತಿಗೆ ತಕ್ಕಂತೆ ಬೇರೆ ಬೇರೆ ದಾರಿ ಹಿಡಿಯಲು 'ಇಫ್' (ಆದರೆ) ಮತ್ತು 'ಎಲ್ಸ್' (ಇಲ್ಲದಿದ್ದರೆ) ಬಳಸಲಾಗುತ್ತದೆ.

    ವರ್ಷ = ಇಂಟ್(ಇನ್‌ಪುಟ್("ವರ್ಷ: "))
    ಇಫ್ (ವರ್ಷ % 4 == 0 ಆಂಡ್ ವರ್ಷ % 100 != 0) ಆರ್ ವರ್ಷ % 400 == 0:
        ಪ್ರಿಂಟ್("ಅಧಿಕ ವರ್ಷ")
    ಎಲ್ಸ್:
        ಪ್ರಿಂಟ್("ಸಾಮಾನ್ಯ ವರ್ಷ")

'%' ಚಿಹ್ನೆ ಇಲ್ಲಿ ಶೇಕಡಾವಾರನ್ನು ಸೂಚಿಸುವುದಿಲ್ಲ. ಭಾಗಾಕಾರದ ಶೇಷವನ್ನು ಕೊಡುತ್ತದೆ. '==' ಎಂಬುದು ಸಮವೇ ಎಂದು ಕೇಳುತ್ತದೆ, '!=' ಎಂಬುದು ಸಮವಲ್ಲವೇ ಎಂದು ಕೇಳುತ್ತದೆ. ನಾಲ್ಕರಿಂದ ಭಾಗವಾಗುವ ವರ್ಷಗಳೆಲ್ಲ ಅಧಿಕ ವರ್ಷಗಳೆಂಬುದು ಅರ್ಧ ಸತ್ಯ. ನೂರರಿಂದ ಭಾಗವಾಗುವ ವರ್ಷವು ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷವಾಗುತ್ತದೆ. ಈ ಪ್ರೋಗ್ರಾಮನ್ನು 2024, 2023, 1900 ಮತ್ತು 2000 ಎಂಬ ನಾಲ್ಕು ವರ್ಷಗಳಿಂದ ಪರೀಕ್ಷಿಸಬೇಕು. ಉತ್ತರಗಳು ಕ್ರಮವಾಗಿ ಅಧಿಕ, ಸಾಮಾನ್ಯ, ಸಾಮಾನ್ಯ, ಅಧಿಕ ಎಂದು ಬರಬೇಕು. ಒಂದೇ ಬೆಲೆಯಿಂದ ಪರೀಕ್ಷಿಸಿದ ಪ್ರೋಗ್ರಾಮ್ ಸರಿಯೆಂದು ಹೇಳಲಾಗದು.

ಇಫ್ ಮತ್ತು ಎಲ್ಸ್ ಸಾಲುಗಳ ಕೊನೆಯಲ್ಲಿ ':' ಇರಬೇಕು. ಅವುಗಳ ಕೆಳಗಿನ ಸಾಲುಗಳು ನಾಲ್ಕು ಸ್ಥಳದಷ್ಟು ಒಳಸರಿದಿರಬೇಕು. ಸಿ++ ಮುಂತಾದ ಭಾಷೆಗಳಲ್ಲಿ ಪುಷ್ಪಾವರಣಗಳು ಮಾಡುವ ಕೆಲಸವನ್ನು ಪೈಥಾನ್‌ನಲ್ಲಿ ಈ ಒಳಸರಿತ ಮಾಡುತ್ತದೆ. ಅದು ಅಲಂಕಾರವಲ್ಲ, ಅರ್ಥದ ಭಾಗ.

### ಮಗ್ಗಿ

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದಕ್ಕೆ ಆವರ್ತನೆ (ಲೂಪ್) ಎನ್ನುತ್ತಾರೆ. 'ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು' ಎಂದು ಶಾಲೆಯಲ್ಲಿ ಒಪ್ಪಿಸುವ ಮಗ್ಗಿ ಇದಕ್ಕೆ ಸಹಜ ಉದಾಹರಣೆ.

    ಸಂಖ್ಯೆ = 7
    ಫಾರ್ ಎಣಿಕೆ ಇನ್ ರೇಂಜ್(1, 11):
        ಪ್ರಿಂಟ್(ಸಂಖ್ಯೆ, "×", ಎಣಿಕೆ, "=", ಸಂಖ್ಯೆ * ಎಣಿಕೆ)

ರೇಂಜ್(1, 11) ಎಂಬುದು 1ರಿಂದ ಆರಂಭಿಸಿ 11ರ ಹಿಂದಿನ ಸಂಖ್ಯೆಯವರೆಗೆ, ಅಂದರೆ 10ರವರೆಗೆ, ಎಣಿಸುತ್ತದೆ. ರೇಂಜ್(1, 10) ಎಂದು ಬರೆದರೆ ಮಗ್ಗಿ ಏಳೊಂಬತ್ತಕ್ಕೇ ನಿಲ್ಲುತ್ತದೆ. ಗುಣಾಕಾರಕ್ಕೆ '*' ಚಿಹ್ನೆಯನ್ನು ಬಳಸಬೇಕು. ಉದ್ಧರಣದೊಳಗಿನ '×' ಪರದೆಯಲ್ಲಿ ಕಾಣಲಷ್ಟೇ ಇದೆ.

### ದೇವಾಲಯದ ಪ್ರಾಯ

ಮತ್ತೆ ಮತ್ತೆ ಬೇಕಾಗುವ ಲೆಕ್ಕಕ್ಕೆ ಒಂದು ಹೆಸರಿಟ್ಟು ಕರೆಯುವ ವ್ಯವಸ್ಥೆಯೇ ಕಾರ್ಯ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ನಡೆದುದು 1117ರಲ್ಲಿ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದು 2023ರಲ್ಲಿ.

    ಡೆಫ್ ಕಳೆದ_ವರ್ಷಗಳು(ಆರಂಭ, ಅಂತ್ಯ):
        ರಿಟರ್ನ್ ಅಂತ್ಯ - ಆರಂಭ

    ಪ್ರಿಂಟ್(ಕಳೆದ_ವರ್ಷಗಳು(1117, 2023))

ಉತ್ತರ 906. ಡೆಫ್ ಎಂಬುದು ಕಾರ್ಯವನ್ನು ವ್ಯಾಖ್ಯಾನಿಸುತ್ತದೆ, ರಿಟರ್ನ್ ಎಂಬುದು ಫಲಿತಾಂಶವನ್ನು ಹಿಂತಿರುಗಿಸುತ್ತದೆ. ವ್ಯಾಖ್ಯಾನಿಸಿದ ಮಾತ್ರಕ್ಕೆ ಕಾರ್ಯ ನಡೆಯುವುದಿಲ್ಲ. ಹೆಸರು ಹಿಡಿದು ಕರೆದಾಗಲೇ ನಡೆಯುತ್ತದೆ. ಹೆಸರಿನಲ್ಲಿ ಎರಡು ಪದಗಳಿದ್ದರೆ ನಡುವೆ ಖಾಲಿ ಸ್ಥಳ ಬಿಡದೆ ಅಡಿಗೆರೆ ಹಾಕಬೇಕು.

### ನಕ್ಷತ್ರ

ಟರ್ಟಲ್ ಘಟಕದಿಂದ ಹದಿನಾರು ಮೊನೆಗಳ ನಕ್ಷತ್ರವನ್ನು ಹೀಗೆ ಬಿಡಿಸಬಹುದು.

    ಇಂಪೋರ್ಟ್ ಟರ್ಟಲ್
    ಫಾರ್ ಮೊನೆ ಇನ್ ರೇಂಜ್(16):
        ಟರ್ಟಲ್.ಫಾರ್ವರ್ಡ್(200)
        ಟರ್ಟಲ್.ರೈಟ್(157.5)
    ಟರ್ಟಲ್.ಡನ್()

ಆಮೆ ಪ್ರತಿ ಬಾರಿ 200 ಹೆಜ್ಜೆ ಮುಂದೆ ಸಾಗಿ ಬಲಕ್ಕೆ 157.5 ಡಿಗ್ರಿ ತಿರುಗುತ್ತದೆ. ಹದಿನಾರು ತಿರುವುಗಳ ಮೊತ್ತ 2520 ಡಿಗ್ರಿ, ಅಂದರೆ ಏಳು ಪೂರ್ಣ ಸುತ್ತು. ಆದುದರಿಂದಲೇ ಆಮೆ ಹೊರಟ ಜಾಗಕ್ಕೇ ಮರಳಿ ಚಿತ್ರ ಮುಚ್ಚಿಕೊಳ್ಳುತ್ತದೆ. ಇದು ಹೊಯ್ಸಳ ದೇವಾಲಯಗಳ ನಕ್ಷತ್ರಾಕಾರದ ತಲವಿನ್ಯಾಸದ ನಿಖರ ಪ್ರತಿಯಲ್ಲ. ಸಮಾನ ಕೋನಗಳ ಆವರ್ತನೆಯಿಂದ ನಕ್ಷತ್ರ ಮೂಡುವ ತತ್ತ್ವವನ್ನು ತೋರಿಸುತ್ತದೆ. ಈ ಕಡತಕ್ಕೆ 'ಟರ್ಟಲ್' ಎಂಬ ಹೆಸರನ್ನೇ ಇಡಬಾರದು. ಇಟ್ಟರೆ ಪೈಥಾನ್ ತನ್ನ ಘಟಕದ ಬದಲು ಅದೇ ಕಡತವನ್ನು ತೆರೆದು ದೋಷ ತೋರಿಸುತ್ತದೆ.

## ಕನ್ನಡ ಪಠ್ಯದ ವಿಶೇಷಗಳು

ಪಠ್ಯದ ಉದ್ದವನ್ನು ತಿಳಿಸುವ ಕಾರ್ಯ 'ಲೆನ್'. 'ಹಗರೆ' ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರು, ಆದರೆ ಲೆನ್ ಕೊಡುವ ಉತ್ತರ 4. ಯುನಿಕೋಡ್‌ನಲ್ಲಿ ವ್ಯಂಜನಕ್ಕೂ ಅದಕ್ಕೆ ಸೇರುವ ಸ್ವರಚಿಹ್ನೆಗೂ ಬೇರೆ ಬೇರೆ ಸ್ಥಾನಗಳಿರುವುದರಿಂದ 'ರೆ' ಎಂಬುದು ಎರಡಾಗಿ ಎಣಿಕೆಯಾಗುತ್ತದೆ. 'ಕನ್ನಡ' ಎಂಬಲ್ಲಿ ಒತ್ತಕ್ಷರದ ವಿರಾಮಚಿಹ್ನೆಯೂ ಸೇರಿ 5 ಬರುತ್ತದೆ. 'ಬೇಲೂರು' ಎಂಬುದಕ್ಕೆ 6, 'ಹಳೇಬೀಡು' ಎಂಬುದಕ್ಕೆ 7. ಹೀಗಾಗಿ ಆಂಗ್ಲ ಪಠ್ಯಪುಸ್ತಕಗಳಲ್ಲಿರುವ 'ಪದವನ್ನು ಹಿಂದುಮುಂದಾಗಿಸು' ಎಂಬಂಥ ಅಭ್ಯಾಸಗಳನ್ನು ಕನ್ನಡ ಪದಗಳಿಗೆ ನೇರವಾಗಿ ಅನ್ವಯಿಸಿದರೆ ಸ್ವರಚಿಹ್ನೆಗಳು ತಮ್ಮ ವ್ಯಂಜನದಿಂದ ಕಳಚಿಕೊಂಡು ಪದ ಕೆಡುತ್ತದೆ.

ಅಕಾರಾದಿ ಜೋಡಣೆಯಲ್ಲಿಯೂ ಎಚ್ಚರ ಬೇಕು. ಪೈಥಾನ್ ಪದಗಳನ್ನು ಯುನಿಕೋಡ್ ಸ್ಥಾನಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಕನ್ನಡ ವರ್ಣಮಾಲೆಯಲ್ಲಿ 'ಳ' ಕೊನೆಯಲ್ಲಿ ಬಂದರೆ ಯುನಿಕೋಡ್‌ನಲ್ಲಿ ಅದು 'ಲ'ದ ಪಕ್ಕದಲ್ಲಿ, 'ವ'ಕ್ಕಿಂತ ಮೊದಲೇ ಇದೆ. ಆದ್ದರಿಂದ ನಿಘಂಟಿನಲ್ಲಿ 'ಕವನ'ದ ಬಳಿಕ ಬರುವ 'ಕಳಸ' ಪೈಥಾನ್‌ನ ಪಟ್ಟಿಯಲ್ಲಿ ಮೊದಲು ಬರುತ್ತದೆ. ಹಾಜರಿ ಪಟ್ಟಿ ಸಿದ್ಧಪಡಿಸುವ ಪ್ರೋಗ್ರಾಮ್ ಬರೆಯುವವರು ಇದನ್ನು ನೆನಪಿನಲ್ಲಿಡಬೇಕು.

ಕನ್ನಡ ಟೈಪಿಸುವಾಗ ಒತ್ತಕ್ಷರವಾಗದಂತೆ ತಡೆಯಲು ಬಳಸುವ ಅಗೋಚರ ಚಿಹ್ನೆಯೊಂದಿದೆ. 'ಪೆನ್‌ಡ್ರೈವ್' ಎಂಬಲ್ಲಿ 'ನ್' ಮತ್ತು 'ಡ್ರೈ' ನಡುವೆ ಇರುವುದು ಅದೇ. ಉದ್ಧರಣದೊಳಗೆ ಇದರಿಂದ ತೊಂದರೆಯಿಲ್ಲ. ಚರದ ಹೆಸರಿನಲ್ಲಿ ಬಂದರೆ ಪೈಥಾನ್ ಒಪ್ಪುವುದಿಲ್ಲ. ಕಣ್ಣಿಗೆ ಏನೂ ಕಾಣದಿರುವುದರಿಂದ ಈ ದೋಷವನ್ನು ಪತ್ತೆಮಾಡುವುದು ಕಷ್ಟ. ಚರಗಳಿಗೆ 'ತೂಕ', 'ದರ', 'ಹೆಸರು'ಗಳಂಥ ಸರಳ ಕನ್ನಡ ಪದಗಳನ್ನೇ ಇಡುವುದು ಸುರಕ್ಷಿತ.

ಪ್ರೋಗ್ರಾಮಿನ ಕಡತವನ್ನು ಪೈಥಾನ್ 3 ಯುಟಿಎಫ್-8 ಸಂಕೇತದಲ್ಲಿದೆ ಎಂದೇ ಭಾವಿಸಿ ಓದುತ್ತದೆ. ಆದರೆ ಪ್ರೋಗ್ರಾಮ್ ತೆರೆಯುವ ಇತರ ಪಠ್ಯ ಕಡತಗಳಿಗೆ ವಿಂಡೋಸ್‌ನಲ್ಲಿ ಅನೇಕ ಆವೃತ್ತಿಗಳು ಬೇರೆ ಸಂಕೇತವನ್ನು ಊಹಿಸಿಕೊಳ್ಳುತ್ತವೆ. ಕನ್ನಡ ಪಠ್ಯವನ್ನು ತೆರೆಯುವಾಗ ಸಂಕೇತ ಯುಟಿಎಫ್-8 ಎಂದು ಆದೇಶದಲ್ಲಿಯೇ ಸ್ಪಷ್ಟವಾಗಿ ತಿಳಿಸಬೇಕು.

## ಸಾಮಾನ್ಯ ದೋಷಗಳು

ದೋಷ ಸಂದೇಶಗಳು ಆಂಗ್ಲದಲ್ಲಿ, ಕೆಂಪು ಬಣ್ಣದಲ್ಲಿ ಬರುತ್ತವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೊನೆಯ ಸಾಲು ದೋಷದ ಬಗೆಯನ್ನೂ ಅದರ ಮೇಲಿನ ಸಾಲುಗಳು ದೋಷ ಕಂಡ ಜಾಗವನ್ನೂ ತಿಳಿಸುತ್ತವೆ.

* ಸಿಂಟ್ಯಾಕ್ಸ್ ಎರರ್: ಬರವಣಿಗೆಯ ನಿಯಮ ತಪ್ಪಿದೆ. ':' ಬಿಟ್ಟುಹೋಗಿರುವುದು, ಆವರಣ ಮುಚ್ಚದಿರುವುದು ಸಾಮಾನ್ಯ ಕಾರಣಗಳು. ತಪ್ಪು ಕೆಲವೊಮ್ಮೆ ತೋರಿಸಿದ ಸಾಲಿನ ಹಿಂದಿನ ಸಾಲಿನಲ್ಲಿರುತ್ತದೆ. ವರ್ಡ್‌ನಿಂದ ನಕಲು ಮಾಡಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆಗಳೂ ಈ ದೋಷಕ್ಕೆ ಕಾರಣ. ನೇರ ಚಿಹ್ನೆಗಳನ್ನೇ ಬಳಸಬೇಕು.
* ನೇಮ್ ಎರರ್: ಇಂಥ ಹೆಸರು ತಿಳಿದಿಲ್ಲ. 'ಮೊತ್ತ' ಎಂದು ಇಟ್ಟು 'ಮೊತ' ಎಂದು ಕರೆದರೆ, ಅಥವಾ ಪ್ರಿಂಟ್ ಎಂಬುದರ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದರೆ ಇದು ಬರುತ್ತದೆ.
* ಇಂಡೆಂಟೇಷನ್ ಎರರ್: ಒಳಸರಿತ ಸರಿಯಿಲ್ಲ.
* ಟೈಪ್ ಎರರ್: ಹೊಂದದ ಬಗೆಗಳ ನಡುವೆ ಕ್ರಿಯೆ. ಪಠ್ಯಕ್ಕೆ ಸಂಖ್ಯೆಯನ್ನು ಕೂಡಿಸಲು ಹೊರಟಾಗ ಬರುತ್ತದೆ.
* ವ್ಯಾಲ್ಯೂ ಎರರ್: ಬಗೆ ಸರಿಯಿದ್ದರೂ ಬೆಲೆ ಸರಿಯಿಲ್ಲ. ತೂಕ ಕೇಳಿದಾಗ '250 ಕೆ.ಜಿ.' ಎಂದು ಟೈಪಿಸಿದರೆ ಫ್ಲೋಟ್ ಅದನ್ನು ಸಂಖ್ಯೆಯಾಗಿಸಲಾರದು.

ಯಾವ ಸಂದೇಶವನ್ನೂ ತೋರದೆ ತಪ್ಪು ಉತ್ತರ ಕೊಡುವ ದೋಷಗಳು ಇವೆಲ್ಲಕ್ಕಿಂತ ಅಪಾಯಕಾರಿ. ಕೊಬ್ಬರಿಯ ಲೆಕ್ಕದಲ್ಲಿ 100ರಿಂದ ಭಾಗಿಸುವುದನ್ನು ಮರೆತರೆ ಪೈಥಾನ್ ಆಕ್ಷೇಪಿಸುವುದಿಲ್ಲ. 250 ಕಿಲೋಗ್ರಾಂ ಕೊಬ್ಬರಿಗೆ ಮೂವತ್ತು ಲಕ್ಷ ರೂಪಾಯಿ ಎಂದು ಹೇಳುತ್ತದೆ. ಉತ್ತರವನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ಹೋಲಿಸಿ ನೋಡುವುದೊಂದೇ ಇದಕ್ಕೆ ಪರಿಹಾರ. ಗಣಕ ದೊರೆಯದ ದಿನಗಳಲ್ಲಿಯೂ ಪ್ರತಿ ಸಾಲಿನ ನಂತರ ಚರಗಳ ಬೆಲೆಯನ್ನು ಕಾಗದದಲ್ಲಿ ಪಟ್ಟಿಮಾಡುತ್ತ ಪ್ರೋಗ್ರಾಮನ್ನು ನಡೆಸಿ ನೋಡಬಹುದು.

## ಕನ್ನಡ ಹೆಸರುಗಳ ಬಳಕೆ ಮತ್ತು ಮಿತಿ

ಚರಗಳಿಗೆ ಕನ್ನಡದ ಹೆಸರಿಡುವುದರಿಂದ ಕಲಿಯುವವರಿಗೆ ಪ್ರೋಗ್ರಾಮಿನ ಯಾವ ಭಾಗ ಭಾಷೆಯದ್ದು, ಯಾವ ಭಾಗ ತಮ್ಮದು ಎಂಬುದು ಲಿಪಿಯಿಂದಲೇ ಸ್ಪಷ್ಟವಾಗುತ್ತದೆ. ತರ್ಕವನ್ನು ತಾಯ್ನುಡಿಯಲ್ಲಿ ಯೋಚಿಸಲು ಇದು ನೆರವಾಗುತ್ತದೆ. ಪ್ರತಿ ಸಾಲಿನಲ್ಲೂ ಕೀಲಿಮಣೆಯನ್ನು ಬದಲಾಯಿಸುತ್ತಿರಬೇಕಾದುದು ಇದರ ಅನನುಕೂಲ. ಬೇರೆ ಭಾಷೆಯ ಸಹೋದ್ಯೋಗಿಗಳೊಂದಿಗೆ ಹಂಚಿಕೊಳ್ಳುವ ಪ್ರೋಗ್ರಾಮ್‌ಗಳಲ್ಲಿ ಆಂಗ್ಲ ಹೆಸರುಗಳೇ ರೂಢಿಯಲ್ಲಿವೆ. ಪೈಥಾನ್‌ನ ಶೈಲಿ ಮಾರ್ಗಸೂಚಿಯೂ ತನ್ನ ಪ್ರಮಾಣಿತ ಗ್ರಂಥಾಲಯಕ್ಕೆ ಅದನ್ನೇ ವಿಧಿಸುತ್ತದೆ. ಆದ್ದರಿಂದ ಕನ್ನಡ ಹೆಸರುಗಳಿಂದ ಆರಂಭಿಸಿ, ತರ್ಕ ಕೈವಶವಾದ ಬಳಿಕ ಆಂಗ್ಲ ಹೆಸರುಗಳಿಗೆ ಸಾಗಿ, '#' ಚಿಹ್ನೆಯಿಂದ ಆರಂಭವಾಗುವ ಟಿಪ್ಪಣಿ ಸಾಲುಗಳಲ್ಲಿ ಕನ್ನಡದ ವಿವರಣೆಯನ್ನು ಉಳಿಸಿಕೊಳ್ಳುವುದು ಅನುಕೂಲಕರ. ಟಿಪ್ಪಣಿ ಸಾಲುಗಳನ್ನು ಪೈಥಾನ್ ನೆರವೇರಿಸುವುದಿಲ್ಲ. ಅವು ಪ್ರೋಗ್ರಾಮನ್ನು ಮುಂದೆ ಓದುವವರಿಗಾಗಿ ಮಾತ್ರ ಇರುತ್ತವೆ.